ಏಳು ತಿಂಗಳ ಹಳೆ ಪೆಟ್ರೋಲು, ಆಚೆ ದಡದ ದೊಡ್ಡಪ್ಪ

ಈ ಶಬ್ದ ಕೇಳ್ತಿದೆಯಲ್ಲ, ಸರ್ರ್... ಸರ್ರ್... ಅಂತ? ನಮ್ಮ ದೋಣಿ ಎಂಜಿನ್ನಿನ ಹಗ್ಗ ಅದು. ಈಗ ಎಳೀತಿರೋದು ಇಪ್ಪತ್ಮೂರನೇ ಸಲ. ಲೆಕ್ಕ ಇಟ್ಟದ್ದು ನಾನಲ್ಲ, ಕ್ಯಾಮೆರಾ ಹಿಡ್ಕೊಂಡಿರೋ ತಂಗಿ. ಹಿಂದಿಂದ ಬರ್ತಿರೋ ನಗೂನೂ ಅವಳದೇ.

ನಮಸ್ಕಾರ. ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ದಂಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರೂರೇ ಮುಳುಗಿ ಗುಡ್ಡದ ತುದಿಗಳೆಲ್ಲ ದ್ವೀಪ ಆದ ಜಾಗ ಇದು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯ್ತು, ಸಿಗಂದೂರಿಗೆ ಹೋಗೋರಿಗೆ ಲಾಂಚ್ ಕಾಯೋ ಕೆಲಸ ತಪ್ಪಿತು. ಆದ್ರೆ ನಮ್ಮ ದೊಡ್ಡಪ್ಪನ ಮನೆ ಇರೋದು ಇನ್ನೊಂದು ಕವಲಿನ ಆಚೆ. ರಸ್ತೆಯಲ್ಲಿ ಸುತ್ತಿ ಹೋದ್ರೆ ಒಂದೂವರೆ ಗಂಟೆ, ದೋಣಿಯಲ್ಲಿ ಇಪ್ಪತ್ತು ನಿಮಿಷ. ಎಂಜಿನ್ ಹೊತ್ತಿದ್ರೆ.

ಇದು ಐದು ಎಚ್‌ಪಿಯ ಟೂ ಸ್ಟ್ರೋಕ್ ಎಂಜಿನ್. ದೋಣಿ ಹಿಂದೆ ಕಚ್ಚಿಸೋದು, ಹಗ್ಗ ಎಳೆದು ಹೊತ್ತಿಸೋದು. ಕೊನೇ ಸಲ ಓಡಿದ್ದು ಮೇ ತಿಂಗಳಲ್ಲಿ, ಅಡಿಕೆಗೆ ಔಷಧಿ ಹೊಡೆಯೋಕೆ ಮೈಲುತುತ್ತ, ಸುಣ್ಣದ ಚೀಲ ದಾಟಿಸಿದಾಗ. ಆಮೇಲೆ ಮಳೆ ಹಿಡೀತು. ಎಂಜಿನ್ ಕೊಟ್ಟಿಗೆ ಸೇರ್ತು, ಟ್ಯಾಂಕಲ್ಲಿ ಅರ್ಧ ಪೆಟ್ರೋಲು ಹಂಗೇ ಉಳೀತು. ಈಗ ಡಿಸೆಂಬರ್, ಅಡಿಕೆ ಗೊನೆ ಕೊಯ್ಯೋ ಕಾಲ. ದೊಡ್ಡಪ್ಪ ದಿನಾ ಫೋನ್ ಮಾಡ್ತಾ ಇದ್ದಾರೆ.

ಹಗ್ಗ ಎಳೆದೆಳೆದು ತೋಳು ಬಿದ್ದು ಹೋಗೋ ಮೊದಲು ಮಾಡಬೇಕಾದ ಕೆಲಸವನ್ನ ನಾನು ತೋಳು ಬಿದ್ದ ಮೇಲೆ ಮಾಡಿದೆ. ಮುಚ್ಚಳ ತೆಗೆದು ಮೂಸಿ ನೋಡಿದೆ. ಬಂಕಲ್ಲಿ ಹಾಕಿಸುವಾಗ ಮೂಗಿಗೆ ಚುರುಕ್ ಅಂತ ಹೊಡೆಯೋ ವಾಸನೆ ಇರ್ತದಲ್ಲ, ಅದಿಲ್ಲ. ಹಳೇ ಪೇಂಟ್ ಡಬ್ಬಿ ತೆರೆದ ಹಾಗೆ, ಒಂಥರಾ ಹುಳಿ ಹುಳಿ ಕಮಟು.

ಪೆಟ್ರೋಲು ಅಂದ್ರೆ ಒಂದೇ ದ್ರವ ಅಲ್ಲ. ಹಗುರ ಭಾಗ, ಭಾರ ಭಾಗ ಎಲ್ಲ ಸೇರಿರ್ತದೆ. ತಣ್ಣಗಿರೋ ಎಂಜಿನ್ ಹೊತ್ತೋಕೆ ಬೇಕಾದದ್ದು ಹಗುರ ಭಾಗ, ಅದು ಬೇಗ ಆವಿ ಆಗ್ತದೆ. ಇಟ್ಟಲ್ಲೇ ಇಟ್ಟರೆ ಮೊದಲು ಹಾರಿ ಹೋಗೋದೂ ಅದೇ. ಉಳಿದದ್ದು ಉರಿಯೋದೇ ಇಲ್ಲ ಅಂತಲ್ಲ, ತಣ್ಣಗಿದ್ದಾಗ ಆವಿ ಆಗಲ್ಲ ಅಷ್ಟೆ. ಗಾಳಿ ತಡೆದು ಪೆಟ್ರೋಲು ಜಾಸ್ತಿ ಎಳೆಸೋ ಚೋಕ್ ಎಳೆದು ಹಗ್ಗ ಜಗ್ಗಿದಷ್ಟೂ, ಕಿಡಿ ಹಾರಿಸೋ ಪ್ಲಗ್ ಒದ್ದೆ.

ಪ್ಲಗ್ ಬಿಚ್ಚಿ ಒರೆಸಿ, ಅದರ ತೂತಲ್ಲಿ ಹೊಸ ಪೆಟ್ರೋಲು ಒಂದು ಚಮಚ ಹಾಕಿ, ಮತ್ತೆ ಕಚ್ಚಿಸಿ ಎಳೆದೆ. ಭರ್ರ್ ಅಂತು, ಎರಡು ಸೆಕೆಂಡು, ಮತ್ತೆ ಸತ್ತಿತು. ತಂಗಿಗೆ ಬೇಜಾರು, ನನಗೆ ಖುಷಿ. ಎರಡು ಸೆಕೆಂಡು ಉರೀತು ಅಂದ್ರೆ ಕರೆಂಟ್ ಸರಿ ಇದೆ, ರೋಗ ಇರೋದು ಪೆಟ್ರೋಲಿನ ಕಡೆ ಅಂತ ಗೊತ್ತಾಯ್ತಲ್ಲ.

ಇಲ್ಲಿಗೆ ನಮ್ಮ ಭಾವನ ಪ್ರವೇಶ. ಭಾವನ ಅಕ್ಕನ ಮನೆ ಹೊನ್ನಾವರ. ಅಲ್ಲಿ ನಾಡದೋಣಿಯವರು ಸೀಮೆಎಣ್ಣೆಯಲ್ಲಿ ಎಂಜಿನ್ ಓಡಿಸ್ತಾರೆ. ಶುರು ಮಾಡೋದು ಪೆಟ್ರೋಲಲ್ಲಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. "ಹಂಗೇ ಮಾಡೋಣ ಮಾರಾಯ, ಹೊಸದ್ರಲ್ಲಿ ಹೊತ್ತಿಸಿ ಹಳೇದಕ್ಕೆ ಬದಲಾಯಿಸೋಣ. ಆರು ಲೀಟರ್ ಚೆಲ್ಲೋಕೆ ಮನಸು ಬರ್ತದಾ?" ಅಂದ್ರು.

ಬರ್ಲಿಲ್ಲ. ಚಿಕ್ಕ ಡಬ್ಬಿಯಲ್ಲಿ ಹೊಸ ಪೆಟ್ರೋಲು ಕೊಟ್ಟು, ಅರ್ಧ ಚೋಕಲ್ಲಿ ಎಳೆದಾಗ ಎಂಟನೇ ಸಲಕ್ಕೆ ಹೊತ್ತಿತು. ಐದು ನಿಮಿಷ ಕಾಯಿಸಿ ಪೈಪನ್ನ ಹಳೇ ಟ್ಯಾಂಕಿಗೆ ಸಿಕ್ಕಿಸಿದ್ವಿ. ಓಡ್ತು! ಭಾವ ಮೀಸೆ ತಿರುವಿದ ಶಾಟ್ ಇದೆ, ನೋಡಿ.

ನಡುನೀರಿಗೆ ಹೋದ ಮೇಲಿನ ಶಾಟ್ ಇದು. ಗಾಳಿ ಎದ್ದು ತೆರೆ ಹೊಡೆಯೋಕೆ ಶುರು. ಟ್ಯಾಂಕಿನೊಳಗಿದ್ದದ್ದೆಲ್ಲ ಕದಡಿತು. ಎಂಜಿನ್ ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಮುಗೀತು. ಸುತ್ತ ಅರವತ್ತು ವರ್ಷದಿಂದ ನೀರಲ್ಲಿ ನಿಂತ ಮರದ ಬೊಡ್ಡೆಗಳು, ಗಾಳಿ ನಮ್ಮನ್ನ ತಳ್ತಾ ಇರೋದು ಆ ಕಡೆಗೇ. ಲೈಫ್ ಜಾಕೆಟ್ ಹಾಕಿದ್ವಿ, ಹುಟ್ಟು ಇತ್ತು. ಮುಕ್ಕಾಲು ಗಂಟೆ ಹುಟ್ಟು ಹಾಕಿ ನಮ್ಮ ದಡಕ್ಕೇ ವಾಪಸ್. ಭಾವ ಅಷ್ಟು ಹೊತ್ತೂ ಒಂದು ಮಾತು ಆಡ್ಲಿಲ್ಲ.

ಮಾರನೇ ದಿನ ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟ್ಲಿಗೆ ಬಗ್ಗಿಸಿ ಕಿಟಕಿಯಲ್ಲಿಟ್ಟೆ. ಹತ್ತಿರದಿಂದ ತೋರಿಸ್ತೀನಿ. ಮೇಲೆ ಆಯಿಲ್ ಸೇರಿದ ನೀಲಿ ಪೆಟ್ರೋಲು. ಕೆಳಗೆ, ಎರಡು ಬೆರಳಷ್ಟು, ಬಣ್ಣವೇ ಇಲ್ಲದ ಮಬ್ಬು ನೀರು. ನಡುವೆ ಗೆರೆ, ಅಡ್ಡ ಕೊಯ್ದ ಹಾಗೆ.

ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಶೇ. 20ರವರೆಗೆ ಎಥನಾಲ್ ಇರ್ತದೆ. ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಮಾಡೋ ಸ್ಪಿರಿಟ್ ಅದು, ನೀರು ಕಂಡ್ರೆ ಎಳ್ಕೊಳ್ತದೆ. ನಮ್ಮ ಮಳೆಗಾಲ ಹೆಂಗಿರ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾ? ಬೆಂಕಿಪೊಟ್ಟಣವನ್ನ ಒಲೆದಂಡೆ ಮೇಲಿಡಬೇಕು, ಬಟ್ಟೆಗೆ ಬೂಷ್ಟು ಬರ್ತದೆ. ಅಂಥದ್ರಲ್ಲಿ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದೇ ಬಿಟ್ಟಿದ್ದೆ ನಾನು. ನಾಲ್ಕು ತಿಂಗಳು ಟ್ಯಾಂಕು ಹಸಿ ಗಾಳಿ ಉಸಿರಾಡಿದೆ. ಹಿಡಿಸುವಷ್ಟು ನೀರು ಹಿಡಿಸಿ, ಆಮೇಲೆ ಎಥನಾಲೂ ನೀರೂ ಒಟ್ಟಿಗೆ ಪೆಟ್ರೋಲನ್ನ ಬಿಟ್ಟು ತಳಕ್ಕೆ ಇಳಿದಿವೆ. ಪೈಪು ಹೀರೋದು ತಳದಿಂದಲೇ.

ನನಗೆ ಹೆದರಿಕೆ ಆದದ್ದು ಬೇರೆ ವಿಷಯಕ್ಕೆ. ಇಂಥ ಚಿಕ್ಕ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಇರಲ್ಲ, ಪೆಟ್ರೋಲಲ್ಲಿ ಕಲಸಿದ್ದೇ ಆಯಿಲ್. ನಮ್ಮದಕ್ಕೆ 50ಕ್ಕೆ 1, ಅಂದ್ರೆ 5 ಲೀಟರಿಗೆ 100 ಎಂಎಲ್. ಆ ಆಯಿಲ್ ಇರೋದು ಮೇಲಿನ ನೀಲಿಯಲ್ಲಿ. ಕೆಳಗಿನ ಮಬ್ಬಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅದನ್ನೇ ಕುಡ್ಕೊಂಡು ಪೂರ್ತಿ ಆಕ್ಸಿಲೇಟರಲ್ಲಿ ಓಡಿದ್ರೆ ಪಿಸ್ಟನ್ ಅಲ್ಲಾಡದ ಹಾಗೆ ಹಿಡ್ಕೊಳ್ತದೆ. ಕೆಮ್ಮಿ ನಿಂತದ್ದೇ ಪುಣ್ಯ. ಅದಕ್ಕೇ ಈ "ಹಳೇದಕ್ಕೆ ಅರ್ಧ ಹೊಸದು ಬೆರೆಸು, ಏನೂ ಆಗಲ್ಲ" ಅನ್ನೋ ಸಲಹೆ ಇದೆಯಲ್ಲ, ನಾನು ಒಪ್ಪಲ್ಲ. ಬೆರೆಸಿದ್ರೆ ಗೆರೆ ಸ್ವಲ್ಪ ಮೇಲೆ ಕೆಳಗೆ ಆಗಬಹುದು, ನೀರು ಎಲ್ಲಿಗೂ ಹೋಗಲ್ಲ.

ಆರು ಲೀಟರನ್ನೂ ತೆಗೆದೆ. ಭಾವ ಬಚ್ಚಲ ಒಲೆಗೆ ಹಾಕೋಣ ಅಂದ್ರು, ಬೇಡ ಅಂತ ಕೈ ಮುಗಿದೆ. ಮೇಲಿನ ತಿಳಿಯನ್ನ ಗ್ಯಾರೇಜಿನವರು ಚೈನ್ ತೊಳೆಯೋಕೆ ಇಸ್ಕೊಂಡ್ರು.

ಇನ್ನು ಕಾರ್ಬೊರೇಟರ್, ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ. ತಳದ ಬಟ್ಟಲು ಬಿಚ್ಚಿದ್ರೆ ಒಳಗೆ ಹಸಿರು ಕಂದು ಅಂಟು, ಹಲಸಿನ ಮೇಣ ಒಣಗಿದ ಹಾಗೆ. ಪೆಟ್ರೋಲು ಹಾರಿ ಹೋಗಿ ಉಳಿದ ಗಷ್ಟು ಅದು. ಪೆಟ್ರೋಲನ್ನ ಅಳತೆಯಲ್ಲಿ ಬಿಡೋ ಜೆಟ್ ಅಂದ್ರೆ ಇದು, ಹಿತ್ತಾಳೆಯದು, ಶರ್ಟಿನ ಗುಂಡಿಗಿಂತ ಚಿಕ್ಕದು. ಆಕಾಶಕ್ಕೆ ಹಿಡಿದು ಒಂದು ಕಣ್ಣಲ್ಲಿ ನೋಡಿದ್ರೆ ನಡುವೆ ಸೂಜಿಮೊನೆಯಷ್ಟು ಬೆಳಕು ಕಾಣಬೇಕು. ಕಾಣ್ಲಿಲ್ಲ. ಕ್ಲೀನರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ವಯರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ ತೆಗೆದೆ. ಪಿನ್ನು, ಸೂಜಿ ಹಾಕ್ಬೇಡಿ. ಹಿತ್ತಾಳೆ ಮೆದು, ತೂತು ಒಂದು ಕೂದಲು ದೊಡ್ಡದಾದ್ರೂ ಅಳತೆ ಹೋಯ್ತು. ಮತ್ತೆ ಆಕಾಶಕ್ಕೆ ಹಿಡಿದೆ. ಬೆಳಕು ಬಂತು. ಇಡೀ ವಿಡಿಯೋದಲ್ಲಿ ನನಗೆ ಇಷ್ಟವಾದ ಶಾಟ್ ಇದೊಂದೇ.

ಅಂಗಳದಲ್ಲಿ ನೀರು ತುಂಬಿದ ಡ್ರಮ್ಮಿಗೆ ಎಂಜಿನ್ ಇಳಿಸಿದ್ವಿ. ನೀರಿಲ್ಲದೆ ಓಡಿಸಿದ್ರೆ ನೀರೆತ್ತೋ ರಬ್ಬರ್ ಚಕ್ರ ಸುಟ್ಟು ಹೋಗ್ತದೆ. ಹೊಸ ಪ್ಲಗ್, ಹೊಸ ಪೆಟ್ರೋಲು, ಪೈಪಿನ ರಬ್ಬರ್ ಬಲ್ಬು ಗಟ್ಟಿ ಆಗೋವರೆಗೆ ಹಿಸುಕಿ, ಪೂರ್ತಿ ಚೋಕ್. ಒಂದು. ಎರಡು. ಮೂರನೇದಕ್ಕೆ ಎದ್ದಿತು, ಹೊಗೆ ಕಾರ್ಕೊಂಡು. ಪಕ್ಕದ ತೂತಿಂದ ನೀರು ಪಿಚಕಾರಿ ಥರ ಚಿಮ್ಮಿ ಭಾವನ ಪಂಚೆ ಒದ್ದೆ ಆಯ್ತು.

ಮಧ್ಯಾಹ್ನ ದಾಟಿದ್ವಿ. ಇಪ್ಪತ್ತು ನಿಮಿಷ, ಒಂದು ಕೆಮ್ಮೂ ಇಲ್ಲ. ಆಚೆ ದಡ ಇನ್ನೇನು ಸಿಕ್ತು ಅನ್ನುವಾಗ ಟ್ಯಾಂಕಿನ ಪೈಪು ಕಿತ್ತಿಟ್ಟೆ. ಇನ್ನು ಮೇಲೆ ದಿನಾ ಹೀಗೇ. ಕಾರ್ಬೊರೇಟರಲ್ಲಿ ಉಳಿದದ್ದನ್ನ ಎಂಜಿನ್ನೇ ಕುಡಿದು ಖಾಲಿ ಮಾಡಿ ತಾನಾಗಿ ನಿಲ್ಲಬೇಕು. ಗಾಳಿ ತಿರುಪೂ ಮುಚ್ಚಿದೆ. ದಡಕ್ಕೆ ತಾಗೋ ಹೊತ್ತಿಗೆ ಎಂಜಿನ್ ಎರಡು ಸಲ ಏದುಸಿರು ಬಿಟ್ಟು ನಿಂತಿತು.

ಮೇಲೆ ತೋಟದ ಬೇಲಿ ಹತ್ರ ದೊಡ್ಡಪ್ಪ ನಿಂತಿದ್ರು. ಅಲ್ಲಿಂದಲೇ ಕೂಗಿದ್ರು: "ಎಂತದೋ ತಮ್ಮಾ, ಮತ್ತೆ ಕೈ ಕೊಡ್ತಾ ನಿನ್ನ ಎಂಜಿನ್ನು?"