ತಿರುವಿನಲ್ಲಿ ಹಾರ್ನ್ ಕೈಕೊಟ್ಟರೆ

ಕೇಳುಗರಿಗೆ ನಮಸ್ಕಾರ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಗಾಲದಲ್ಲಿ ಅಲ್ಲಿ ಮಂಜು ಕವಿದರೆ ಎದುರಿನ ವಾಹನ ಕಣ್ಣಿಗೆ ಬೀಳುವುದಕ್ಕೆ ಮುಂಚೆ ಕಿವಿಗೆ ಬೀಳಬೇಕು. ಪೇಟೆಯಲ್ಲಿ ವಿನಾಕಾರಣ ಹಾರ್ನ್ ಮಾಡಿದರೆ ಮೋಟಾರು ವಾಹನ ಕಾಯ್ದೆಯಡಿ 1,000 ರೂಪಾಯಿ ದಂಡವಿದೆ, ಮತ್ತೆ ಅದೇ ತಪ್ಪು ಮಾಡಿದರೆ 2,000. ಅದು ಸರಿಯೇ. ಘಾಟಿಯಲ್ಲಿ ಮಾತ್ರ ಹಾರ್ನ್ ಬ್ರೇಕಿನಷ್ಟೇ ಮುಖ್ಯ. ಹಾಗಿದ್ದೂ ಹೊರಡುವ ಮುನ್ನ ಟೈರು, ವೈಪರ್ ನೋಡುವ ಜನ ಹಾರ್ನ್ ಒತ್ತಿ ನೋಡುವುದು ಕಡಿಮೆ. ಅದು ಕೆಟ್ಟಿರುವುದು ತಿಳಿಯುವುದು ಬೇಕಾದ ಗಳಿಗೆಯಲ್ಲಿಯೇ.

ಹಾರ್ನ್ ಕೂಗಲಿಲ್ಲವೆಂದು ತಕ್ಷಣ ಹೊಸದನ್ನು ಕೊಳ್ಳಲು ಓಡಬೇಡಿ. ಎಷ್ಟೋ ಸಲ ಕೆಟ್ಟಿರುವುದು ಹಾರ್ನ್ ಅಲ್ಲ, ಅದಕ್ಕೆ ಕರೆಂಟು ತಲುಪುವ ದಾರಿ. ಆ ದಾರಿ ಸರಳವಾಗಿದೆ: ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇ, ರಿಲೇಯಿಂದ ಹಾರ್ನ್. ಸ್ಟೀರಿಂಗ್ ಮೇಲಿನ ಗುಂಡಿ ಸಾಮಾನ್ಯವಾಗಿ ಹಾರ್ನಿಗೆ ನೇರವಾಗಿ ಕರೆಂಟು ಕೊಡುವುದಿಲ್ಲ. ರಿಲೇಯನ್ನು, ಅಂದರೆ ಕರೆಂಟಿನಿಂದಲೇ ಕೆಲಸ ಮಾಡುವ ಪುಟ್ಟ ಸ್ವಿಚ್ಚನ್ನು, ಎಚ್ಚರಿಸುತ್ತದೆ, ಅಷ್ಟೆ.

ಆದ್ದರಿಂದ ಮೊದಲ ಪರೀಕ್ಷೆಗೆ ಕಿವಿಯೇ ಸಾಕು. ಇಂಜಿನ್ ನಿಲ್ಲಿಸಿ, ಇಗ್ನಿಷನ್ ಮಾತ್ರ ಆನ್ ಮಾಡಿ. ಮನೆಯವರೊಬ್ಬರನ್ನು ಒಳಗೆ ಕೂರಿಸಿ ಗುಂಡಿ ಒತ್ತಿಸಿ, ನೀವು ಫ್ಯೂಸ್ ಪೆಟ್ಟಿಗೆಯ ಬಳಿ ನಿಂತು ಕೇಳಿ. ರಿಲೇಯಿಂದ ‘ಟಿಕ್’ ಎಂಬ ಸಣ್ಣ ಸದ್ದು ಬಂದರೆ ಗುಂಡಿಯೂ ಸ್ಟೀರಿಂಗಿನೊಳಗಿನ ತಂತಿಯೂ ಸರಿಯಿವೆ ಎಂದು ತಿಳಿಯಬಹುದು. ದೋಷ ಹೆಚ್ಚಾಗಿ ರಿಲೇಯಲ್ಲೋ ಅದರಿಂದ ಮುಂದೆಯೋ ಇರುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸಿನಿಂದ ಆರಂಭಿಸಿ.

ಯಾವುದು ಹಾರ್ನಿನ ಫ್ಯೂಸ್ ಎಂಬುದು ಪೆಟ್ಟಿಗೆಯ ಮುಚ್ಚಳದ ಮೇಲೋ ಕಾರಿನ ಕೈಪಿಡಿಯಲ್ಲೋ ಇರುತ್ತದೆ. ಕೆಂಪು ಬಣ್ಣದ್ದು 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟಿದ್ದರೆ ಅದೇ ಬಣ್ಣದ್ದನ್ನೇ ಹಾಕಿ. ತಾಮ್ರದ ಎಳೆ ಸುತ್ತಿ ಕೆಲಸ ಸಾಗಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮುಂದೆ ಶಾರ್ಟ್ ಆದರೆ ಫ್ಯೂಸಿನ ಬದಲು ವೈರುಗಳೇ ಉರಿಯುತ್ತವೆ. ಹೊಸ ಫ್ಯೂಸ್ ಕೂಡ ಒಡನೆಯೇ ಹೋದರೆ ಎಲ್ಲೋ ವೈರು ಕಾರಿನ ಲೋಹದ ಮೈಗೆ ತಾಗುತ್ತಿರಬಹುದು, ಇಲ್ಲವೇ ಹಾರ್ನ್ ಒಳಗೇ ಶಾರ್ಟ್ ಆಗಿರಬಹುದು. ಫ್ಯೂಸ್ ಸರಿಯಿದ್ದರೆ, ಪಕ್ಕದಲ್ಲಿ ಅದೇ ಸಂಖ್ಯೆಯ ಬೇರೆ ರಿಲೇ ಇದ್ದಲ್ಲಿ ಎರಡನ್ನೂ ಅದಲುಬದಲು ಮಾಡಿ ನೋಡಿ.

ನಮ್ಮ ಮಲೆನಾಡು, ಕರಾವಳಿಯ ಕಾರುಗಳಲ್ಲಿ ಹೆಚ್ಚಿನ ತೊಂದರೆ ಇರುವುದು ಹಾರ್ನಿನ ಬುಡದಲ್ಲಿ. ಹಾರ್ನ್ ಕೂರುವುದು ಗ್ರಿಲ್ ಅಥವಾ ಬಂಪರಿನ ಹಿಂದೆ. ಮಳೆ ನೀರು, ಕೆಸರು, ಕಡಲ ಬದಿಯ ಉಪ್ಪುಗಾಳಿ ಎಲ್ಲವೂ ಮೊದಲು ತಗಲುವುದು ಅದಕ್ಕೇ. ಕನೆಕ್ಟರ್ ಕಳಚಿದರೆ ಒಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣಬಹುದು. ಒಂದು ಟೆಸ್ಟ್ ಲ್ಯಾಂಪ್, ಅಂದರೆ ಕರೆಂಟು ಇದೆಯೇ ಎಂದು ನೋಡುವ ಪುಟ್ಟ ದೀಪ, ತಂದುಕೊಳ್ಳಿ. ಅದರ ಒಂದು ತುದಿಯನ್ನು ಹಾರ್ನಿಗೆ ಬರುವ ಕರೆಂಟಿನ ವೈರಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿದು ಗುಂಡಿ ಒತ್ತಿಸಿ. ದೀಪ ಉರಿಯಿತೇ? ಕರೆಂಟು ಬರುತ್ತಿದೆ. ಈಗ ಬ್ಯಾಟರಿಗೆ ಹಿಡಿದಿದ್ದ ತುದಿಯನ್ನು ಹಾರ್ನಿನ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ಸಂಪರ್ಕ, ಕೂರುವ ಜಾಗಕ್ಕೆ ಹಿಡಿಯಿರಿ. ಅಲ್ಲಿ ದೀಪ ಉರಿಯದಿದ್ದರೆ ಅರ್ಥ್ ಕೆಟ್ಟಿದೆ ಎಂದರ್ಥ. ಬೋಲ್ಟ್ ಬಿಚ್ಚಿ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಅನೇಕ ಸಲ ಹಾರ್ನ್ ಮತ್ತೆ ಕೂಗುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಜನ ಹೊಸ ಹಾರ್ನಿನ ದುಡ್ಡು ತೆರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಎರಡೂ ಕಡೆ ದೀಪ ಉರಿದು, ಹಾರ್ನ್ ಮಾತ್ರ ಸುಮ್ಮನಿದ್ದರೆ ಆಗ ಹೊಸದು ಬೇಕು. ಬಾಯಿ ಕೆಳಮುಖವಾಗಿರುವಂತೆ ಕೂರಿಸಿ, ನೀರು ನಿಲ್ಲುವುದಿಲ್ಲ. ಹಲವು ಸ್ವರಗಳಲ್ಲಿ ಹಾಡುವ ಹಾರ್ನ್ ಬೇಡ. ಅದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿಷೇಧವಿದೆ. ಕೆಲವು ಕಾರುಗಳಲ್ಲಿ ಜೋಡಿ ಹಾರ್ನ್‌ಗಳಿರುತ್ತವೆ, ಒಂದು ದಪ್ಪ ದನಿ, ಒಂದು ಸಣ್ಣ ದನಿ. ಕೂಗು ಇದ್ದಕ್ಕಿದ್ದಂತೆ ಬಡವಾಗಿ ಕೇಳಿದರೆ ಜೋಡಿಯಲ್ಲಿ ಒಂದು ಹೋಗಿರಬಹುದು.

ಇನ್ನು ಸ್ಟೀರಿಂಗ್. ಅದರೊಳಗೆ, ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಚಪ್ಪಟೆ ಕೇಬಲ್ ಇದೆ. ಗ್ಯಾರೇಜುಗಳಲ್ಲಿ ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಸ್ಟೀರಿಂಗ್ ತಿರುಗಿದಂತೆಲ್ಲ ಅದು ಬಿಚ್ಚಿಕೊಂಡು, ಸುತ್ತಿಕೊಂಡು ಹಾರ್ನಿಗೂ ಏರ್‌ಬ್ಯಾಗಿಗೂ ಸಂಪರ್ಕ ಉಳಿಸುತ್ತದೆ. ಸ್ಟೀರಿಂಗನ್ನು ಒಂದು ಕಡೆ ತಿರುಗಿಸಿದಾಗ ಮಾತ್ರ ಹಾರ್ನ್ ಕೂಗಿದರೆ, ಅಥವಾ ಹಾರ್ನ್ ಸತ್ತ ಹೊತ್ತಿಗೇ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿಕೊಂಡರೆ, ಅನುಮಾನ ಈ ಕೇಬಲ್ ಮೇಲೆ. ಇಲ್ಲಿ ನೀವು ಕೈ ಹಾಕಲೇಬೇಡಿ. ಏರ್‌ಬ್ಯಾಗ್ ಆಕಸ್ಮಿಕವಾಗಿ ಸಿಡಿದರೆ ಮುಖ, ಕೈಗಳಿಗೆ ಗಂಭೀರ ಗಾಯವಾಗುತ್ತದೆ. ಕೆಲಸ ಬಲ್ಲ ತಂತ್ರಜ್ಞರೇ ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಅದನ್ನು ಬಿಚ್ಚುತ್ತಾರೆ. ಇಂಥ ಕಾರಿನಲ್ಲಿ ಅಪಘಾತವಾದರೆ ಚಾಲಕನ ಏರ್‌ಬ್ಯಾಗ್ ತೆರೆಯದೆ ಹೋಗಬಹುದು; ಹಾಗಾಗಿ ಈ ದುರಸ್ತಿಯನ್ನು ಮುಂದೂಡಬೇಡಿ.

ಹಾರ್ನ್ ಸರಿಯಾಗುವವರೆಗೆ ಘಾಟಿಯ ಪ್ರಯಾಣ ಬೇಡ. ದಾರಿಯ ನಡುವೆಯೇ ಕೆಟ್ಟಿತೆಂದರೆ ದೀಪ ಹಚ್ಚಿಕೊಂಡು, ತಿರುವಿಗೆ ಮುಂಚೆ ಹೆಡ್‌ಲೈಟನ್ನು ಡಿಪ್ ಡಿಮ್ ಮಾಡುತ್ತಾ, ನಿಮ್ಮ ಎಡಬದಿ ಬಿಡದೆ, ಕಡಿಮೆ ಗೇರಿನಲ್ಲಿ ನಿಧಾನವಾಗಿ ಇಳಿದು ಮೊದಲು ಸಿಗುವ ಎಲೆಕ್ಟ್ರಿಷಿಯನ್ ಬಳಿ ಕಾರು ನಿಲ್ಲಿಸಿ.