ಕಟಕಟೆಯ ಈಚೆಗಿದ್ದ ಗೆಳೆಯ

ಕೇಳುಗರೇ, ನಮಸ್ಕಾರ. ನೆಲ್ಸನ್ ಮಂಡೇಲಾ ನಿಮಗೆಲ್ಲ ಗೊತ್ತು. ಅವರ ಗೆಳೆಯ, ವಕೀಲ ಜಾರ್ಜ್ ಬಿಜೋಸ್ ಎಷ್ಟು ಜನಕ್ಕೆ ಗೊತ್ತು? ಹೊಸದಾಗಿ ಕಪ್ಪು ಕೋಟು ತೊಟ್ಟವರು ಯಾರಾದರೂ ಕೇಳುತ್ತಿದ್ದರೆ, ಈ ಮಾತು ಮುಖ್ಯವಾಗಿ ನಿಮಗೆ. ಕಕ್ಷಿದಾರ ನಿಮ್ಮ ಗೆಳೆಯನೇ ಆಗಿರಲಿ, ಅವನ ಮಾತನ್ನು ಕಸಿಯಬೇಡಿ. ಆ ಮಾತು ಆಡಿಯೂ ಅವನು ಉಳಿಯುವ ದಾರಿ ಹುಡುಕಿ.

ಬಿಜೋಸ್ ಗ್ರೀಸ್‌ನವರು. ಯುದ್ಧಕಾಲದಲ್ಲಿ ತಂದೆಯ ಜೊತೆ ಏಳು ಮಂದಿ ನ್ಯೂಜಿಲೆಂಡ್ ಸೈನಿಕರನ್ನು ದೋಣಿಯಲ್ಲಿ ಪಾರು ಮಾಡಲು ಹೊರಟ ಹುಡುಗ, 1941ರಲ್ಲಿ ನಿರಾಶ್ರಿತನಾಗಿ ದಕ್ಷಿಣ ಆಫ್ರಿಕ ಸೇರಿದ. 1948ರಲ್ಲಿ ಜೊಹಾನೆಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವಾಗ ಮಂಡೇಲಾ ಪರಿಚಯ. ಅಲ್ಲಿ ವಕೀಲರಲ್ಲಿ ಎರಡು ಬಗೆ: ಕಕ್ಷಿದಾರರನ್ನು ಕಂಡು ಕಡತ ಸಿದ್ಧಮಾಡುವ ಅಟಾರ್ನಿ, ಮೇಲಿನ ಕೋರ್ಟಿನಲ್ಲಿ ವಾದಿಸುವ ಅಡ್ವೊಕೇಟ್. ಮಂಡೇಲಾ ಮತ್ತು ಆಲಿವರ್ ಟಾಂಬೊ 1952ರಲ್ಲಿ ಅಟಾರ್ನಿ ಕಚೇರಿ ತೆರೆದರು. 1954ರಲ್ಲಿ ಅಡ್ವೊಕೇಟ್ ಆದ ಬಿಜೋಸ್‌ಗೆ ಅಲ್ಲಿಂದ ಕೇಸುಗಳು ಬರತೊಡಗಿದವು. ಗೆಳೆತನ ಗಟ್ಟಿಯಾದದ್ದು ಈ ಕಡತಗಳ ನಡುವೆ.

ಈಗ ರಿವೋನಿಯಾ ಮೊಕದ್ದಮೆಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪ್ರಿಟೋರಿಯಾ, 1964. ಬಿಳಿಯರ ಸರ್ಕಾರದ ವರ್ಣಭೇದದ ವಿರುದ್ಧ ಹೋರಾಡಿದ ಮಂಡೇಲಾ ಮತ್ತು ಸಂಗಾತಿಗಳು ಆರೋಪಿಗಳು, ಬಿಜೋಸ್ ಅವರ ಪರ ವಕೀಲರಲ್ಲಿ ಒಬ್ಬರು. ಆರೋಪ ವಿಧ್ವಂಸಕ ಕೃತ್ಯ, ಗಲ್ಲಾಗಬಹುದಾದ ಕೇಸು. ಜೈಲಿನ ಕೋಣೆಯಲ್ಲಿ ಕದ್ದು ಕೇಳುತ್ತಾರೆಂಬ ಗುಮಾನಿಯಿಂದ ಮುಖ್ಯ ವಿಷಯಗಳನ್ನು ಚೀಟಿಯಲ್ಲಿ ಬರೆದು, ಓದಿ, ಸುಟ್ಟುಹಾಕುತ್ತಿದ್ದರು.

ಆರೋಪಿಯ ಮುಂದೆ ಎರಡು ದಾರಿ. ಪ್ರಮಾಣ ಮಾಡಿ ಸಾಕ್ಷಿ ನುಡಿದರೆ ಅದಕ್ಕೆ ತೂಕ ಹೆಚ್ಚು, ಆದರೆ ಪಾಟೀ ಸವಾಲು ಎದುರಿಸಬೇಕು, ಹೇಳಬೇಕಾದದ್ದು ಚೂರುಚೂರಾಗುತ್ತದೆ. ಕಟಕಟೆಯಿಂದಲೇ ಹೇಳಿಕೆ ಓದಿದರೆ ತೂಕ ಕಡಿಮೆ, ಆದರೆ ಯಾರೂ ತಡೆಯುವಂತಿಲ್ಲ. ಮಂಡೇಲಾ ಎರಡನೆಯದನ್ನು ಹಿಡಿದರು. ಪಾಟೀ ಸವಾಲಿಗೆ ತಯಾರಾಗಿ ಬಂದಿದ್ದ ಸರ್ಕಾರಿ ವಕೀಲ ಪರ್ಸಿ ಯೂಟರ್ ತಬ್ಬಿಬ್ಬಾಗಿ, ಹೇಳಿಕೆಗೆ ತೂಕ ಕಡಿಮೆಯೆಂದು ಆರೋಪಿಗೆ ಎಚ್ಚರಿಸಿ ಎಂದು ನ್ಯಾಯಮೂರ್ತಿ ಡಿ ವೆಟ್ ಅವರನ್ನು ಕೇಳಿದರು. ಆರೋಪಿಯ ವಕೀಲರಿಗೆ ಅದು ನಿಮ್ಮ ನೆರವಿಲ್ಲದೆಯೇ ಗೊತ್ತು ಎಂಬರ್ಥದ ಉತ್ತರ ಬಂತು!

ಆದರೆ ಅದಕ್ಕೂ ಮೊದಲಿನ ಜಗ್ಗಾಟವೇ ನಮಗೆ ಮುಖ್ಯ. ಹೇಳಿಕೆಯ ಕರಡಿನ ಕೊನೆಯಲ್ಲಿ, ಎಲ್ಲರೂ ಸಮಾನರಾಗಿ ಬಾಳುವ ಸ್ವತಂತ್ರ ಸಮಾಜದ ಮಾತಾಡಿ, ಈ ಆದರ್ಶಕ್ಕಾಗಿ ಸಾಯಲು ಸಿದ್ಧ ಎಂಬ ಸಾಲಿತ್ತು. ಆರೋಪಿಗಳ ಪರ ಮುಖ್ಯ ವಕೀಲ ಬ್ರಾಮ್ ಫಿಷರ್ ಅದನ್ನು ಬಿಡಿ ಎಂದು ಬೇಡಿಕೊಂಡರು. ಕರಡು ನೋಡಿದ ಇನ್ನೊಬ್ಬ ಹಿರಿಯ ವಕೀಲರು, ಇದನ್ನು ಓದಿದರೆ ಕೋರ್ಟಿನ ಹಿಂದೆಯೇ ನೇಣು ಹಾಕುತ್ತಾರೆ ಎಂದರು. ಮಂಡೇಲಾ ಜಗ್ಗಲಿಲ್ಲ. ಬಿಜೋಸ್ ಸಾಲನ್ನು ಅಳಿಸು ಎನ್ನಲಿಲ್ಲ, "ಅಗತ್ಯ ಬಿದ್ದರೆ" ಎಂದು ಸೇರಿಸು ಎಂದರು. ಅಷ್ಟೇ. ಹುತಾತ್ಮನಾಗಲು ಹಟ ಹಿಡಿದವನ ಸವಾಲು, ಬದುಕಲು ಬಯಸುವವನ ನಿರ್ಧಾರವಾಯಿತು. ಏಪ್ರಿಲ್ 20ರಂದು ಸುಮಾರು ಮೂರು ಗಂಟೆ ಓದಿದರು. ಜೂನ್ 12ರಂದು ಮಂಡೇಲಾ ಸೇರಿ ಎಂಟು ಮಂದಿಗೆ ಜೀವಾವಧಿ ಶಿಕ್ಷೆ. ಆ ಪದಗಳಿಂದಲೇ ಗಲ್ಲು ತಪ್ಪಿತೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವವರು ಕೋರ್ಟು ಕಂಡವರಲ್ಲ. ಮಾತು ಉಳಿಯಿತು, ಮಾತಾಡಿದವನೂ ಉಳಿದ. ನಾನು ಹೇಳುತ್ತಿರುವುದು ಇದನ್ನೇ.

ಸಮಯ ಮುಗಿಯುತ್ತಿದೆ ಎಂದು ಸನ್ನೆ ಬರುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸೆರೆಯಲ್ಲಿಟ್ಟಿದ್ದ ರಾಬೆನ್ ದ್ವೀಪಕ್ಕೆ ಬಿಜೋಸ್ ಹೋದಾಗ ಮಂಡೇಲಾ ತಮ್ಮನ್ನು ಸುತ್ತುವರಿದ ಎಂಟು ಕಾವಲುಗಾರರನ್ನು ಒಬ್ಬೊಬ್ಬರಾಗಿ, ಗೌರವ ರಕ್ಷಕ ದಳವೆಂದು ಪರಿಚಯಿಸಿದರು. 1985ರಲ್ಲಿ ಮಂಡೇಲಾಗೆ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಆದ ಮೇಲೆ ಸರ್ಕಾರದೊಡನೆ ಮಾತುಕತೆಯ ಸೂಚನೆ ಕಂಡಾಗ, ನಿಮ್ಮನ್ನು ಬಿಟ್ಟು ಏನೂ ಮಾಡುವುದಿಲ್ಲ ಎಂಬ ಅವರ ಸಂದೇಶವನ್ನು, ದೇಶದ ಹೊರಗೆ ಜಾಂಬಿಯಾದ ಲುಸಾಕಾದಲ್ಲಿದ್ದು ಅವರ ಪಕ್ಷ ನಡೆಸುತ್ತಿದ್ದ ಟಾಂಬೊಗೆ ಮುಟ್ಟಿಸಿದವರೂ ಬಿಜೋಸ್ ಅವರೇ. ಅಲ್ಲಿಯೂ ತಮ್ಮ ಮಾತು ಬೆರೆಸಲಿಲ್ಲ ನೋಡಿ. 2013ರ ಡಿಸೆಂಬರ್ 5ರಂದು ಮಂಡೇಲಾ ತೀರಿಕೊಂಡಾಗ ಉಯಿಲು ಜಾರಿಮಾಡಬೇಕಾದ ಮೂವರಲ್ಲಿ ಬಿಜೋಸ್ ಒಬ್ಬರು. ಅವರು ತೀರಿಕೊಂಡದ್ದು 2020ರ ಸೆಪ್ಟೆಂಬರ್ 9ರಂದು, 92ನೇ ವಯಸ್ಸಿನಲ್ಲಿ. ನಮಸ್ಕಾರ.