ಏನೂ ಆಗಿಲ್ಲ ಅನ್ನುವಾಗಲೇ ಮಾಡಿಸ್ರಿ

ನಮಸ್ಕಾರ ರೀ. ಇವತ್ತಿಗೆ ಬೇರೆ ವಿಷಯ ಬರ್ಕೊಂಡಿದ್ದೆ, ಬದಿಗಿಟ್ಟೆ. ಹೋದ ವಿಡಿಯೋ ಕೆಳಗೆ ಒಬ್ಬ ಅಣ್ಣ ಬರೆದಾನೆ: "ದಿನಾ ಹೊಟ್ಟೆ ಕ್ಲಿಯರ್ ಆಗುತ್ತೆ, ನಾಕು ಬೆಣ್ಣೆ ದೋಸೆ ಅರಗಿಸ್ಕೊಳ್ತೀನಿ, ನಂಗ್ಯಾಕೆ ಕರುಳಿನ ಕ್ಯಾನ್ಸರ್ ಟೆಸ್ಟು?" ಅದಕ್ಕೆ ಸಾಲುಸಾಲು ಲೈಕ್ ಬೇರೆ!

ಅಣ್ಣಾ, ಆರಾಮಿದ್ದೀಯಲ್ಲ, ಅದಕ್ಕೇ ಮಾಡಿಸ್ಬೇಕು. ಸ್ಕ್ರೀನಿಂಗ್ ಅಂದ್ರೇನೇ ಏನೂ ಕಾಣದಿದ್ದಾಗ ನೋಡೋದು. ದೊಡ್ಡ ಕರುಳಿನ ಒಳಗೋಡೆ ಮೇಲೆ ಪಾಲಿಪ್ ಅಂತ ಸಣ್ಣ ಗಂಟು ಏಳುತ್ತೆ. ಎಲ್ಲವೂ ಕ್ಯಾನ್ಸರ್ ಆಗಲ್ಲ. ಆಗೋವು ಸಾಮಾನ್ಯವಾಗಿ ಹತ್ತು ವರ್ಷದ ಹತ್ರ ತಗೊಳ್ತವೆ. ಅಷ್ಟೂ ವರ್ಷ ನೋವಿಲ್ಲ, ಉರಿಯಿಲ್ಲ, ದೋಸೆ ಅರಗ್ತಾನೇ ಇರುತ್ತೆ! ಆ ಹೊತ್ತಲ್ಲಿ ಕೊಲೊನೋಸ್ಕೋಪಿ, ಅಂದ್ರೆ ಕ್ಯಾಮೆರಾ ಇರೋ ಪೈಪ್ ಹಿಂದಿನಿಂದ ಹಾಕಿ ದೊಡ್ಡ ಕರುಳಿನ ಒಳಗೆ ನೋಡೋ ಪರೀಕ್ಷೆ, ಮಾಡಿದ್ರೆ ಗಂಟನ್ನ ಅಲ್ಲೇ ತೆಗೆದು ಹಾಕ್ತಾರೆ. ಕ್ಯಾನ್ಸರ್ ಆಗೋಕೇ ಬಿಡಲ್ಲ.

ಯಾವಾಗ? ಅಮೆರಿಕದ ತಜ್ಞರ ಸಮಿತಿ 50 ಅಂತಿದ್ದದ್ದನ್ನ 2021ರಲ್ಲಿ 45ಕ್ಕೆ ಇಳಿಸ್ತು. 45ರಿಂದ 75ರ ತನಕ, ಗಂಡಸರು ಹೆಂಗಸರು ಇಬ್ರೂ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬಂದಿದ್ರೆ 40ಕ್ಕೆ, ಇಲ್ಲಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಅದು. ಅಪ್ಪಂಗೆ 46ಕ್ಕೆ ಬಂದಿದ್ರೆ ಮಗ 36ಕ್ಕೇ ಹೋಗ್ಬೇಕು.

"ಅದು ಅಮೆರಿಕದವರ ರೋಗ ಕಣ್ರೀ." ಅಲ್ಲಿ ಜಾಸ್ತಿ, ಇಲ್ಲಿ ಕಮ್ಮಿ, ಸರಿ. ಕಮ್ಮಿ ಅಂದ್ರೆ ನಿಮ್ಮನೆಗೆ ಬರಲ್ಲ ಅಂತ ಯಾರು ಬರ್ಕೊಟ್ಟಿದಾರೆ? ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಇರೋದು ಬಾಯಿ, ಸ್ತನ, ಗರ್ಭಕಂಠ, ಈ ಮೂರಕ್ಕೆ. ಕರುಳು ಆ ಪಟ್ಟಿಯಲ್ಲೇ ಇಲ್ಲ. ಆಶಾ ಅಕ್ಕ ಮನೆಗೆ ಬಂದು ಕರೆಯಲ್ಲ, ನೀವೇ ಡಾಕ್ಟ್ರ ಮುಂದೆ ಬಾಯಿಬಿಡ್ಬೇಕು. ಡಾಕ್ಟ್ರಿಗೇನು ಬರವೇ, ಎರಡು ಮೆಡಿಕಲ್ ಕಾಲೇಜಿರೋ ಊರು ಕಣ್ರೀ ನಮ್ಮ ದಾವಣಗೆರೆ!

"ಹಿಂದಿನಿಂದ ಪೈಪ್ ಹಾಕ್ತಾರಂತೆ, ಥೂ!" ಹಂಗಾದ್ರೆ ಮೊದಲು ಫಿಟ್ (FIT) ಅನ್ನೋ ಮಲ ಪರೀಕ್ಷೆ ಮಾಡಿಸ್ರಿ. ಮನೇಲೇ ಕಡ್ಡಿಯಲ್ಲಿ ಒಂಚೂರು ಮಲ ತಗೊಂಡು ಡಬ್ಬಿಗೆ ಹಾಕಿ ಕೊಟ್ರೆ ಆಯ್ತು, ಕಣ್ಣಿಗೆ ಕಾಣದ ರಕ್ತ ಹುಡುಕ್ತಾರೆ. ಪಥ್ಯ ಇಲ್ಲ. ಆದರೆ ಪ್ರತಿ ವರ್ಷ. ಪಾಸಿಟಿವ್ ಬಂದ್ರೆ ಕೊಲೊನೋಸ್ಕೋಪಿ ಆಗ್ಲೇಬೇಕು. ಇನ್ನೊಂದ್ಸಲ ಫಿಟ್ ಮಾಡಿಸಿ ನೆಗೆಟಿವ್ ಬಂತು ಅಂತ ಮನೇಲಿ ಕೂತ್ರೆ ಮೊದಲನೇದು ಯಾಕೆ ಮಾಡಿಸಿದ್ರಿ?

ಕೊಲೊನೋಸ್ಕೋಪಿಯಲ್ಲಿ ಕಷ್ಟ ಇರೋದು ಹಿಂದಿನ ದಿನ. ಔಷಧಿ ಪುಡಿ ಕಲಸಿದ ನೀರು ಲೀಟರ್‌ಗಟ್ಟಲೆ ಕುಡೀಬೇಕು, ಕರುಳು ಪೂರ್ತಿ ತೊಳೆದು ಹೋಗ್ಬೇಕು. ಅವತ್ತು ಮಂಡಕ್ಕಿ, ಮಿರ್ಚಿ ಕಡೆ ತಿರುಗಿ ನೋಡಂಗಿಲ್ಲ. ಮಾರನೇ ದಿನ ನಿದ್ದೆ ಬರೋ ಔಷಧಿ ಕೊಡ್ತಾರೆ, ಅರ್ಧ ಗಂಟೆ ಆಸುಪಾಸು ಅಷ್ಟೇ. ಏನೂ ಸಿಗಲಿಲ್ಲ ಅಂದ್ರೆ, ಮನೆತನದಲ್ಲೂ ಇಲ್ಲ ಅಂದ್ರೆ, ಹತ್ತು ವರ್ಷ ಮತ್ತೆ ಬೇಡ. ಹತ್ತು ವರ್ಷಕ್ಕೆ ಒಂದು ದಿನ ಕೊಡೋಕೆ ಆಗಲ್ವೇನ್ರೀ!

ಇನ್ನು ಮೋಶನ್‌ನಲ್ಲಿ ರಕ್ತ ಬರ್ತಿದ್ರೆ, ಹೊಟ್ಟೆ ಹೋಗೋ ರೀತಿನೇ ಬದಲಾಗಿದ್ರೆ, ಕಾರಣ ಇಲ್ದೆ ತೂಕ ಇಳೀತಿದ್ರೆ 45 ಆಗ್ಲಿ ಅಂತ ಕಾಯಬೇಡ್ರಿ. ಫಿಟ್ ಮೇಲೂ ನಿಲ್ಲಬೇಡ್ರಿ, ಇವತ್ತೇ ಡಾಕ್ಟ್ರ ಹತ್ರ. ಗೋಡೆ ಮೇಲೆ "ಮೂಲವ್ಯಾಧಿ ಗ್ಯಾರಂಟಿ ಗುಣ" ಅಂತ ಬರೆದಿರ್ತಾರಲ್ಲ, ಅದನ್ನ ನೋಡಿ ಒಳಗೆ ಹೋಗಿ ವರ್ಷಗಟ್ಟಲೆ ಪುಡಿ ತಿನ್ನೋರನ್ನ ಕಂಡ್ರೆ ನನ್ನ ರಕ್ತ ಕುದಿಯುತ್ತೆ! ಒಳಗೆ ನೋಡದೇ ಮೂಲವ್ಯಾಧಿ ಅಂತ ಹೆಂಗ್ರೀ ಹೇಳ್ತಾನೆ ಅವನು?

"ದುಡ್ಡು." ಮಗಳ ಮದುವೆಗೆ ಶಾಮಿಯಾನಕ್ಕೆ ಎಷ್ಟು ಕೊಟ್ರಿ? "ಟೈಮಿಲ್ಲ." ಈ ವಿಡಿಯೋ ನೋಡೋಕೆ ಇತ್ತಲ್ಲ! "ದೇವರಿದಾನೆ." ಇದಾನೆ, ಡಾಕ್ಟ್ರನ್ನೂ ಅವನೇ ಇಟ್ಟಿದಾನೆ. 45 ಆಯ್ತಾ? ಹೋಗ್ರಿ. ಆರಾಮಿದ್ದೀರಾ? ಅದಕ್ಕೇ ಹೋಗ್ರಿ!

ಸಬ್‌ಸ್ಕ್ರೈಬ್ ಮಾಡದೇ ಇರೋರು ಮಾಡ್ರಿ, ಮನೆಯೋರ ವಾಟ್ಸಾಪ್ ಗ್ರೂಪಿಗೆ ಹಾಕ್ರಿ. ಮುಂದಿನ ವಾರ ಕೊಲೊನೋಸ್ಕೋಪಿ ಮಾಡೋ ಡಾಕ್ಟ್ರೊಬ್ರನ್ನ ಇಲ್ಲೇ ಕೂರಿಸ್ತೀನಿ. ಪ್ರಶ್ನೆ ಕಳಿಸ್ರಿ, ನಾಚ್ಕೆ ಬಿಟ್ಟು ಕಳಿಸ್ರಿ.